ಏಪ್ರಿಲ್ ಬಂದರೂ ಕರಗದ ದಾರಿ

ಬಾಸ್ಟನ್ನಿನಲ್ಲಿ ಏಪ್ರಿಲ್ ಬಂತೆಂದರೆ ದಪ್ಪ ಜಾಕೆಟ್ ಬೀರು ಸೇರುತ್ತದೆ. ಅದನ್ನೇ ನಂಬಿಕೊಂಡು, ಇಲ್ಲಿಗೆ ಬಂದ ಮೊದಲ ವರ್ಷ ನಾವು ಮೂವರು ನ್ಯೂ ಹ್ಯಾಂಪ್‌ಶೈರ್‌ನ ವೈಟ್ ಮೌಂಟನ್ಸ್‌ಗೆ ಹೊರಟೆವು. ಹತ್ತಬೇಕಿದ್ದದ್ದು ಮೌಂಟ್ ಲಾಫಯೆಟ್, 5,200 ಅಡಿಗೂ ಸ್ವಲ್ಪ ಜಾಸ್ತಿ. ಕುಮಾರ ಪರ್ವತ ಹತ್ತಿದವರಿಗೆ ಇದ್ಯಾವ ಲೆಕ್ಕ ಅಂದುಕೊಂಡಿದ್ದೆವು.

ಕಾರು ನಿಲ್ಲಿಸಿದ ಕಡೆ ಬರೀ ಕೆಸರು. ಸ್ವಲ್ಪ ಮೇಲೆ ಹೋದ ಮೇಲೆ ವಿಚಿತ್ರ ಕಂಡಿತು. ಎರಡೂ ಕಡೆ ತರಗೆಲೆ, ಮಣ್ಣು. ಹಾದಿ ಇದ್ದಲ್ಲಿ ಮಾತ್ರ ಉದ್ದಕ್ಕೂ ಬೆಳ್ಳಗಿನ ಬದು. ಚಳಿಗಾಲವೆಲ್ಲ ಜನ ತುಳಿದು ತುಳಿದು ಗಟ್ಟಿಯಾದ ಹಿಮ ಅದು. ಹಗಲು ಮೇಲ್ಮೈ ನೀರಾಗುತ್ತದೆ, ರಾತ್ರಿ ಮತ್ತೆ ಹೆಪ್ಪುಗಟ್ಟುತ್ತದೆ. ಬೆಳಗ್ಗೆ ನೋಡಿದರೆ ಗಾಜು. ಇಲ್ಲಿಯವರು ಇದಕ್ಕೆ ಮೊನೊರೈಲ್ ಅಂತಾರೆ. ಕಾಡಿನ ಹಿಮವೆಲ್ಲ ಕರಗಿದ ಮೇಲೂ ನಾವು ನಡೆಯುವ ದಾರಿಯದು ಮಾತ್ರ ಒಂಟಿ ಹಳಿಯ ಹಾಗೆ ಉಳಿದಿರುತ್ತದೆ!

ನನ್ನ ಮೈಕ್ರೋಸ್ಪೈಕ್ಸ್ ಬ್ಯಾಗಿನ ತಳದಲ್ಲಿತ್ತು. ಬೂಟಿನ ಮೇಲೆ ಎಳೆದು ಹಾಕುವ ರಬ್ಬರ್ ಪಟ್ಟಿ, ಅಡಿಯಲ್ಲಿ ಚೈನು, ಚೂಪು ಹಲ್ಲುಗಳು. ಇನ್ನೊಂದು ತಿರುವು ಆಗಲಿ ಅಂತ ಅದನ್ನು ಹಾಕಿಕೊಳ್ಳುವುದನ್ನೇ ಸುಮ್ನೆ ಮುಂದೂಡುತ್ತಾ ಹೋದೆ. ಆ ತಿರುವಿನಲ್ಲೇ ಜಾರಿದೆ. ಹತ್ತಡಿ ಕೆಳಗೆ ಒಂದು ಮರ ಅಡ್ಡ ಸಿಕ್ಕಿತು. ಅಂಗೈ ಸುಲಿದಿತ್ತು. ಇಳಿಜಾರಲ್ಲಿ ಒಂದು ಕೈಯಲ್ಲಿ ಮರ ಹಿಡಿದು, ಇನ್ನೊಂದರಲ್ಲಿ ಆ ರಬ್ಬರನ್ನು ಹಿಮ್ಮಡಿಗೆ ಎಳೆಯಲು ಪಟ್ಟ ಪಾಡು ನನಗೇ ಗೊತ್ತು. ಸಮತಟ್ಟಾದ ಕಡೆ ಅದು ಒಂದು ನಿಮಿಷದ ಕೆಲಸ.

ಇನ್ನೂ ಮೇಲೆ, ಬಂಡೆಗಳ ಮೇಲೆ ನೀಲಿ ಐಸ್. ಸ್ಪೈಕ್ಸ್ ಹಲ್ಲು ಅಲ್ಲಿ ಬರೀ ಕೆರೆಯಿತು, ಕಚ್ಚಲಿಲ್ಲ. ಅದಕ್ಕೆ ಬೂಟಿಗೆ ಕಟ್ಟುವ ಉದ್ದ ಹಲ್ಲಿನ ಕ್ರ್ಯಾಂಪಾನ್ ಬೇಕು, ಐಸಿಗೆ ನಾಟುವ ಕೊಡಲಿ ಐಸ್ ಆಕ್ಸ್ ಬೇಕು, ಬಳಸಲೂ ಗೊತ್ತಿರಬೇಕು. "ಸಾಕು ಕಣೋ, ನಡಿ ವಾಪಸ್" ಅಂದ ಗೆಳೆಯ. ಬೇಜವಾಬ್ದಾರಿಯಿಂದ ಸಿಕ್ಕಿಹಾಕಿಕೊಂಡರೆ ಕಾಪಾಡಿದ ಖರ್ಚನ್ನು ನ್ಯೂ ಹ್ಯಾಂಪ್‌ಶೈರ್ ರಾಜ್ಯ ನಮ್ಮಿಂದಲೇ ವಸೂಲಿ ಮಾಡಬಹುದು. ಅದೂ ನೆನಪಾಯಿತು ಅನ್ನಿ.

ಇಳಿಯುವುದೇ ಕಷ್ಟ. ಕೂತು ಜಾರಿಬಿಡೋಣ ಅನ್ನಿಸುತ್ತದೆ. ಸ್ಪೈಕ್ಸ್ ಹಾಕಿಕೊಂಡು ಮಾತ್ರ ಜಾರಬೇಡಿ. ಹಲ್ಲು ಸಿಕ್ಕಿಕೊಂಡರೆ ಮೈ ಮುಂದಕ್ಕೆ ಹೋಗುತ್ತದೆ, ಪಾದ ಅಲ್ಲೇ ಇರುತ್ತದೆ.

ಅಂಗೈ ವಿಷಯ ಅಮ್ಮನಿಗೆ ಹೇಳಿರಲಿಲ್ಲ. ಇದನ್ನು ಓದಿ ಸಂಜೆಯೊಳಗೆ ಫೋನ್ ಮಾಡ್ತಾಳೆ.