ಬ್ರಹ್ಮಪುತ್ರೆಯ ನೆರೆನಾಡು: ಮಾಜುಲಿ, ಕಾಜಿರಂಗಕ್ಕೆ ಹೋಗುವವರಿಗೆ

ಭಾರತದಲ್ಲಿ ನದಿಯ ನೆರೆಗೆ ಅತಿ ಹೆಚ್ಚು ತುತ್ತಾಗುವ ಸೀಮೆಗಳಲ್ಲಿ ಕೋಸಿ, ಗಂಡಕಿಗಳು ಹರಿಯುವ ಉತ್ತರ ಬಿಹಾರದ ಜೊತೆಗೆ ಅಸ್ಸಾಮಿನ ಬ್ರಹ್ಮಪುತ್ರಾ ಕಣಿವೆಯೂ ಸೇರುತ್ತದೆ. ಅಸ್ಸಾಮಿನ ಒಟ್ಟು ನೆಲದಲ್ಲಿ ಸುಮಾರು ಶೇ. 40ರಷ್ಟನ್ನು ನೆರೆಪೀಡಿತವೆಂದು ಗುರುತಿಸಲಾಗಿದೆ. ಬ್ರಹ್ಮಪುತ್ರೆಯ ನಡುವಿನ ಮಾಜುಲಿ ದ್ವೀಪ ಮತ್ತು ಕಾಜಿರಂಗ ರಾಷ್ಟ್ರೀಯ ಉದ್ಯಾನವನ್ನು ಒಂದೇ ಪ್ರವಾಸದಲ್ಲಿ ನೋಡಬಯಸುವವರು ಎಲ್ಲಕ್ಕಿಂತ ಮೊದಲು ತಿಂಗಳನ್ನು ಗೊತ್ತುಮಾಡಿಕೊಳ್ಳಬೇಕು.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನದಿ ಉಕ್ಕುವ ಕಾಲ; ಆಗ ಕಾಜಿರಂಗದ ಸಫಾರಿ ಮುಚ್ಚಿರುತ್ತದೆ ಮತ್ತು ಮಾಜುಲಿಯ ಫೆರ್ರಿ ಯಾವ ದಿನ ನಿಲ್ಲುತ್ತದೆಂದು ಹೇಳಲಾಗದು. ನಾವು ನವೆಂಬರ್‌ನಲ್ಲಿ ಹೋದೆವು, ನೆರೆ ಬಿಟ್ಟುಹೋದ ಗುರುತುಗಳನ್ನು ಅರ್ಥಮಾಡಿಕೊಳ್ಳಲು ಅದೇ ಸರಿಯಾದ ಸಮಯವೆಂದು ನನ್ನ ಅಭಿಪ್ರಾಯ. ಜೋರ್ಹಾಟ್ ಸಮೀಪದ ನಿಮಾತಿ ಘಾಟಿನಿಂದ ಮಾಜುಲಿಯ ಕಮಲಾಬಾರಿ ಘಾಟಿಗೆ ಫೆರ್ರಿ ಸಿಗುತ್ತದೆ. ನೀರು ಏರಿಳಿದಂತೆ ದೋಣಿ ತಂಗುವ ಜಾಗವೂ ಬದಲಾಗುವುದರಿಂದ ಮರಳಿನ ಮೇಲೆ ಸಾಮಾನು ಹೊತ್ತು ನಡೆಯಬೇಕಾಗಬಹುದು. ಚಕ್ರದ ಸೂಟ್‌ಕೇಸ್ ಇಲ್ಲಿ ನಿರುಪಯುಕ್ತ. ಚಳಿಗಾಲದ ಮಂಜಿನಿಂದಲೂ ದೋಣಿ ತಡವಾಗುತ್ತದೆಯಾದ್ದರಿಂದ ದ್ವೀಪದಿಂದ ಮರಳುವ ದಿನವೇ ವಿಮಾನ ಹತ್ತುವ ಯೋಜನೆ ಹಾಕಿಕೊಳ್ಳಬೇಡಿ. 2021ರ ಸೆಪ್ಟೆಂಬರ್‌ನಲ್ಲಿ ಇದೇ ಮಾರ್ಗದಲ್ಲಿ ಎರಡು ದೋಣಿಗಳು ಡಿಕ್ಕಿಯಾಗಿ ಅನಾಹುತ ಸಂಭವಿಸಿತ್ತು. ಲೈಫ್ ಜಾಕೆಟ್ ಕೇಳಿ ಪಡೆಯಲು ಸಂಕೋಚ ಬೇಡ.

ಮಾಜುಲಿಯಲ್ಲಿ ಸತ್ರಗಳೆಂಬ ವೈಷ್ಣವ ಮಠಗಳನ್ನೂ ಸಾಮಗುರಿ ಸತ್ರದ ಮುಖವಾಡಗಳನ್ನೂ ನೋಡಲು ಎಲ್ಲರೂ ಹೋಗುತ್ತಾರೆ. ಅದರೊಂದಿಗೆ ಅರ್ಧ ದಿನ ನದಿಯ ದಂಡೆಗೆ ಮೀಸಲಿಡಿ. ನೆರೆಯ ನೀರು ಬಂದರೂ ಇಳಿಯುತ್ತದೆ, ಆದರೆ ಕೊರೆದುಹೋದ ನೆಲ ಮರಳಿ ಸಿಗುವುದಿಲ್ಲ. 1950ರ ಆಗಸ್ಟ್ 15ರ ಭಾರೀ ಭೂಕಂಪದಲ್ಲಿ ಬೆಟ್ಟಗಳು ಕುಸಿದು, ಅಪಾರ ಹೂಳು ಸೇರಿ ನದಿಯ ಪಾತ್ರವೇ ಮೇಲೆದ್ದಿತು. ಅಲ್ಲಿಂದ ಮುಂದೆ ಕೊರೆತ ತೀವ್ರವಾಯಿತು. ಒಂದು ಕಾಲಕ್ಕೆ 1,200 ಚದರ ಕಿಲೋಮೀಟರ್‌ಗೂ ಹೆಚ್ಚಿದ್ದ ದ್ವೀಪ ಈಗ ಅದರ ಅರ್ಧದಷ್ಟೂ ಉಳಿದಿಲ್ಲ, ಕೆಲವು ಸತ್ರಗಳು ಆಚೆ ದಡಕ್ಕೇ ಸ್ಥಳಾಂತರಗೊಂಡಿವೆ. ದಂಡೆಯುದ್ದಕ್ಕೂ ನೀರಿನ ವೇಗ ತಗ್ಗಿಸಿ ಹೂಳು ಅಲ್ಲೇ ನಿಲ್ಲುವಂತೆ ಮಾಡಲು ಕಾಂಕ್ರೀಟ್ ಕಂಬಗಳನ್ನು ಅಡ್ಡಡ್ಡ ಜೋಡಿಸಿಟ್ಟಿದ್ದಾರೆ. ಮುಳ್ಳುಹಂದಿಯಂತೆ ಕಾಣುವ ಇವುಗಳ ಹತ್ತಿರ ಹೋಗುವಾಗ ದಂಡೆಯ ಅಂಚಿನಲ್ಲಿ ನಿಲ್ಲಬಾರದು, ಏಕೆಂದರೆ ಕೆಳಗೆ ಟೊಳ್ಳಾಗಿರುವ ಮಣ್ಣು ಮುನ್ಸೂಚನೆಯಿಲ್ಲದೆ ಜರಿಯುತ್ತದೆ. ಮಿಸಿಂಗ್ ಸಮುದಾಯದವರು ಕಂಬಗಳ ಮೇಲೆ ಕಟ್ಟುವ ಚಾಂಗ್ ಘರ್ ಮನೆಗಳನ್ನು ನೋಡಬೇಕಿದ್ದರೆ ಮನೆಯವರ ಅನುಮತಿ ಪಡೆದೇ ಒಳಗೆ ಹೋಗಿ.

ಕಾಜಿರಂಗದ ಅಂಚಿನಲ್ಲಿ ಹಾದುಹೋಗುವ ಹೆದ್ದಾರಿಯನ್ನು ದಾಟಿಯೇ ನೆರೆಯ ದಿನಗಳಲ್ಲಿ ಪ್ರಾಣಿಗಳು ಕಾರ್ಬಿ ಆಂಗ್ಲಾಂಗ್ ಗುಡ್ಡಗಳತ್ತ ಹೋಗುತ್ತವೆ. ಆಗ ವಾಹನಗಳ ವೇಗ ನಿಯಂತ್ರಿಸಲು ಸಮಯ ಬರೆದ ಚೀಟಿ ಕೊಡಲಾಗುತ್ತದೆ. ಬೇಗ ತಲುಪಿದವರಿಗೆ ದಂಡ ಬೀಳುತ್ತದೆ, ಆದ್ದರಿಂದ ಚಾಲಕರನ್ನು ಅವಸರಪಡಿಸಬೇಡಿ.

ಮಳೆಗಾಲದಲ್ಲಿ ಹೋಗಲೇಬೇಕಾದವರು ಕೇಂದ್ರ ಜಲ ಆಯೋಗ ಪ್ರಕಟಿಸುವ ನೀರಿನ ಮಟ್ಟವನ್ನು ದಿನವೂ ನೋಡಿಕೊಳ್ಳಬೇಕು. ಮಟ್ಟ ಅಪಾಯದ ಗೆರೆಯನ್ನು ಸಮೀಪಿಸಿದ್ದರೆ ಜೋರ್ಹಾಟ್‌ನಲ್ಲೇ ಉಳಿಯಿರಿ. ಜನರು ಮನೆಮಠ ಬಿಟ್ಟು ಒಡ್ಡಿನ ಮೇಲೆ ಟಾರ್ಪಾಲಿನಡಿ ವಾಸಿಸುವ ಹೊತ್ತಿನಲ್ಲಿ ಕ್ಯಾಮೆರಾ ಹಿಡಿದು ಅಲ್ಲಿಗೆ ಹೋಗುವುದನ್ನು ನಾನು ಪ್ರವಾಸವೆಂದು ಒಪ್ಪಲಾರೆ.