ತಂಪಿನ ಪೆಟ್ಟಿಗೆಯಲ್ಲಿ ಬಿಸಿ ಮಾಲ್ಟ್

ಮನೆಬಳಕೆಗೆ ಬಿಯರ್ ತಯಾರಿಸಲು ಕಾನೂನಿನ ಅಡ್ಡಿಯಿಲ್ಲದ ಅಮೆರಿಕದ ಈ ಊರಿನಲ್ಲಿ, ಮ್ಯಾಶ್ ಟನ್ (ಮಾಲ್ಟನ್ನು, ಅಂದರೆ ಮೊಳಕೆ ಬರಿಸಿ ಒಣಗಿಸಿದ ಕಾಳನ್ನು, ಬಿಸಿನೀರಿನಲ್ಲಿ ನೆನೆಸಿಡುವ ಪಾತ್ರೆ) ಆಗಿ ಬಳಸಲೆಂದು ಮೂರು ವಾರಾಂತ್ಯ ಅಂಗಡಿ ಸುತ್ತಿ, ಕೊನೆಗೆ 38 ಲೀಟರಿನ ದುಂಡನೆಯ ಕೂಲರ್ (ಐಸ್ ಇಡುವ ತಂಪಿನ ಪೆಟ್ಟಿಗೆ) ಒಂದನ್ನು ಕೊಂಡು ತಂದೆ. ನುಚ್ಚಾಗಿಸಿದ ಬಾರ್ಲಿ ಮಾಲ್ಟನ್ನು ಬಿಸಿನೀರಿನಲ್ಲಿ ಕಲಸಿ, ಸುಮಾರು 67 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಗಂಟೆ ಇಟ್ಟರೆ ಅದರಲ್ಲಿರುವ ಕಿಣ್ವಗಳೇ ಪಿಷ್ಟವನ್ನು ಸಕ್ಕರೆಯಾಗಿಸುತ್ತವೆ. ಅಷ್ಟು ಹೊತ್ತು ಒಲೆಯ ಹಂಗಿಲ್ಲದೆ ಬಿಸಿಯನ್ನು ಕಾಯುವುದಷ್ಟೇ ಪೆಟ್ಟಿಗೆಯ ಕೆಲಸ. 19 ಲೀಟರಿನದು ಅಗ್ಗವಾಗಿತ್ತಾದರೂ, 5 ಕಿಲೋ ಮಾಲ್ಟಿಗೆ 15 ಲೀಟರ್ ನೀರು ಸುರಿದರೆ ಅದು ಕಂಠಪೂರ್ತಿ ತುಂಬಿ, ಸೌಟು ಆಡಿಸಲೂ ಜಾಗ ಉಳಿಯುವುದಿಲ್ಲ. ಆಯತಾಕಾರದ್ದನ್ನು ನಾನು ಒಲ್ಲೆನೆಂದದ್ದು ಸೋಸುವ ತೂತಿನ ತಟ್ಟೆಯ ಕಾರಣಕ್ಕೆ: ದುಂಡು ತಳಕ್ಕೆ ಅದು ಸಿದ್ಧವಾಗಿಯೇ ಸಿಗುತ್ತದೆ. ಮುಚ್ಚಳ ಒಳಗೆ ಟೊಳ್ಳು, ಬಿಸಿ ಅಲ್ಲಿಂದ ಸೋರಬಹುದೆಂಬುದು ಮನೆಗೆ ಬಂದ ಮೇಲೆ ತಿಳಿಯಿತು. ಅಮ್ಮ ರಾಗಿ ಮೊಳಕೆ ಕಟ್ಟುವಾಗ ಗಂಟಿನ ಮೇಲೆ ಹಳೆಯ ಸೀರೆ ಹೊದಿಸುತ್ತಿದ್ದುದು ಆಗ ನೆನಪಾಯಿತು. ನಾನು ಕಂಬಳಿಯನ್ನೇ ಹೊದಿಸಿದೆ. ಐಸ್ ಕಾಯಲೆಂದು ಮಾಡಿದ ಪೆಟ್ಟಿಗೆಯನ್ನು ಗಂಟೆಯ ಬಳಿಕ ತೆರೆದಾಗ, ಇಳಿದಿದ್ದುದು ಒಂದೇ ಡಿಗ್ರಿ.