ಗುಲಾಬಿಯಾದದ್ದೆಲ್ಲ ಲೆಪ್ಟೊಸ್ಪೈರಾ ಅಲ್ಲ

ಆಟಿಯ ಮಳೆ ಬಿಡದೆ ಹೊಯ್ಯುತ್ತಿದ್ದ ವಾರ. ಇಲಿಜ್ವರದ ರೋಗಾಣು ಲೆಪ್ಟೊಸ್ಪೈರಾವನ್ನು ಮದ್ದು ಎಷ್ಟು ಬಲದಲ್ಲಿ ತಡೆಯುತ್ತದೆ ಎಂದು ನೋಡುವ ಪರೀಕ್ಷೆ. ಐದನೇ ದಿನ ಬೆಳಿಗ್ಗೆ ಇನ್‌ಕ್ಯುಬೇಟರಿನಿಂದ ತೆಗೆದ 96 ಗುಳಿಗಳ ಪ್ಲೇಟಿನಲ್ಲಿ ಡಾಕ್ಸಿಸೈಕ್ಲಿನ್ ಸಾಲು ಈ ತುದಿಯಿಂದ ಆ ತುದಿಯವರೆಗೆ ಗುಲಾಬಿ, ಅಂದರೆ ಗುಳಿಗಳಲ್ಲಿ ಜೀವವಿದೆ. ಮಿಲಿಲೀಟರಿಗೆ 16 ಮೈಕ್ರೊಗ್ರಾಂ ಮದ್ದಿದ್ದ ಗುಳಿಯೂ ಅಷ್ಟೇ. ಮಳೆಗಾಲದಲ್ಲಿ ಅಡಕೆ ತೋಟದ ಕಣಿಗೆ ಇಳಿಯುವವರಿಗೆ ಇಲಿಜ್ವರ ಬಾರದಂತೆ ವಾರಕ್ಕೊಮ್ಮೆ 200 ಮಿಲಿಗ್ರಾಂ ಕೊಡುವುದು ಇದೇ ಮದ್ದನ್ನು. ಕಾಸರಗೋಡಿನಲ್ಲಿ ‘ಎಲಿಪ್ಪನಿ’ ಅಂದರೆ ಎಲ್ಲರಿಗೂ ಗೊತ್ತು. ಆ ಮದ್ದಿಗೂ ಜಗ್ಗದ ಲೆಪ್ಟೊಸ್ಪೈರಾವೇ? ನಂಬುವ ಮಾತಲ್ಲ.

ಉಣ್ಣೆ ಕಚ್ಚಿ ಹರಡುವ ಲೈಮ್ ರೋಗದ ರೋಗಾಣು ಬೊರೇಲಿಯಾಕ್ಕೆ ಲೆಪ್ಟೊಸ್ಪೈರಾ ದಾಯಾದಿ. ಎರಡೂ ಸುರುಳಿ, ಎರಡೂ ನಿಧಾನ. ಅಗಾರ್ ಮೇಲೆ ಮದ್ದಿನ ಬಿಲ್ಲೆ ಇಟ್ಟು ಮರುದಿನ ವೃತ್ತ ಅಳೆಯುವ ಮಾಮೂಲಿ ಪರೀಕ್ಷೆ ಇವಕ್ಕೆ ನಡೆಯದು. ಬೆಳೆಸಲು ಬೊರೇಲಿಯಾಕ್ಕೆ ಮೊಲದ ಸೀರಂ ಬೆರೆತ ಬಿಎಸ್‌ಕೆ ಎಂಬ ಪೋಷಕ ದ್ರವ, 33–34 ಡಿಗ್ರಿ ಶಾಖ; ಲೆಪ್ಟೊಸ್ಪೈರಾಕ್ಕೆ ಇಎಂಜೆಎಚ್ ದ್ರವ, 30 ಡಿಗ್ರಿ. (ನಮ್ಮ ಏಪ್ರಿಲ್ ಸೆಕೆಗೆ ಬರೀ ಬಿಸಿ ಮಾಡುವ ಇನ್‌ಕ್ಯುಬೇಟರ್ ಸಾಲದು, ತಣ್ಣಗೂ ಮಾಡಬೇಕು.)

ಮದ್ದನ್ನು ಬೇಕಾದುದರ ಇಮ್ಮಡಿ ಬಲಕ್ಕೆ ಕಲಸಿಕೊಳ್ಳಬೇಕು. ಗುಳಿಯ 100 ಮೈಕ್ರೊಲೀಟರ್ ಮದ್ದಿಗೆ ಅಷ್ಟೇ ಕಲ್ಚರ್ (ರೋಗಾಣು ಬೆಳೆಸಿದ ದ್ರವ) ಬಿದ್ದಾಗ ಬಲ ಅರ್ಧಕ್ಕಿಳಿಯುತ್ತದೆ. ಗುಳಿಯಿಂದ ಗುಳಿಗೆ ಮದ್ದು ಅರ್ಧರ್ಧ ಇಳಿಯುವುದರಿಂದ, ಇದನ್ನು ಮರೆತರೆ ಸಾಲಿಗೆ ಸಾಲೇ ಒಂದು ಮೆಟ್ಟಿಲು ತಪ್ಪು. ರೋಗಾಣು ಮಿಲಿಲೀಟರಿಗೆ ಸುಮಾರು 20 ಲಕ್ಷ ಇರಲಿ. ಹೆಚ್ಚಾದರೆ ಮದ್ದು ಸೋತಂತೆ ಕಾಣುತ್ತದೆ. ಅಂಚಿನ ಗುಳಿಗಳು ಐದು ದಿನದಲ್ಲಿ ಆರುವುದರಿಂದ ಅಲ್ಲಿ ಬರೀ ಸ್ಟೆರೈಲ್ ನೀರು. ಮೂರು ದಿನವಾದ ಮೇಲೆ 20 ಮೈಕ್ರೊಲೀಟರ್ ಅಲಾಮರ್ ಬ್ಲೂ ಎಂಬ ನೀಲಿ ಬಣ್ಣ. ಜೀವವಿದ್ದಲ್ಲಿ ನೀಲಿ ಗುಲಾಬಿಯಾಗುತ್ತದೆ. ಐದನೇ ದಿನವೂ ನೀಲಿಯಾಗಿ ಉಳಿದ ಗುಳಿಗಳಲ್ಲಿ ಅತಿ ಕಡಿಮೆ ಮದ್ದು ಯಾವುದರಲ್ಲಿದೆಯೋ ಅದರ ಬಲವೇ ಎಂಐಸಿ, ಅಂದರೆ ಬೆಳವಣಿಗೆ ತಡೆಯುವ ಕನಿಷ್ಠ ಬಲ.

ಆದರೆ ಯಾರ ಜೀವ ಎಂದು ಬಣ್ಣ ಹೇಳುವುದಿಲ್ಲ. 16ರ ಗುಳಿಯಿಂದ ಒಂದು ಹನಿ ಡಾರ್ಕ್‌ಫೀಲ್ಡ್ (ಕಪ್ಪು ಹಿನ್ನೆಲೆಯಲ್ಲಿ ರೋಗಾಣು ಹೊಳೆಯುವ) ಸೂಕ್ಷ್ಮದರ್ಶಕದಡಿ ಇಟ್ಟಾಗ ತುದಿ ಕೊಕ್ಕೆಯಾದ, ಗಿರಗಿರ ತಿರುಗುವ ಬೆಳ್ಳಿ ಎಳೆ ಒಂದೂ ಇಲ್ಲ. ಮೈಮೇಲೆ ಮೊಗ್ಗು ಹೊತ್ತ ದುಂಡು ಕೋಶಗಳು ಸುಮ್ಮನೆ ಬಿದ್ದಿದ್ದವು. ಯೀಸ್ಟ್! ಅದಕ್ಕೆ ಡಾಕ್ಸಿಸೈಕ್ಲಿನ್ ತಟ್ಟದು. ರೋಗಾಣು ಹಾಕದ, ಬರೀ ದ್ರವದ ಗುಳಿ ನೀಲಿಯಾಗಿಯೇ ಇತ್ತು. ಅಂದರೆ ದ್ರವ ಶುದ್ಧ, ಕೆಟ್ಟದ್ದು ಕಲ್ಚರ್ ಟ್ಯೂಬು.

ಟ್ಯೂಬನ್ನು ಎಸೆಯಬೇಕಿಲ್ಲ. 0.22 ಮೈಕ್ರಾನ್ ಫಿಲ್ಟರಿನಲ್ಲಿ ಯೀಸ್ಟ್ ಸಿಕ್ಕಿಬೀಳುತ್ತದೆ, 0.1 ಮೈಕ್ರಾನ್ ದಪ್ಪದ ಲೆಪ್ಟೊಸ್ಪೈರಾ ನುಸುಳಿ ಬರುತ್ತದೆ. ಸಿರಿಂಜನ್ನು ಮೆಲ್ಲಗೆ ಒತ್ತಬೇಕು. ಸೋಸಿದಾಗ ಸಂಖ್ಯೆ ಇಳಿಯುವುದರಿಂದ ಹೊಸ ದ್ರವದಲ್ಲಿ ಮತ್ತೆ ಬೆಳೆಸಿ, ಎಣಿಸಿಯೇ ಪ್ಲೇಟಿಗೆ.

ಎರಡನೇ ಪ್ಲೇಟಿನಲ್ಲಿ 2ರವರೆಗೆ ನೀಲಿ, 1ರಿಂದ ಕೆಳಗೆ ಗುಲಾಬಿ. 1ರ ಗುಳಿಯ ಹನಿಯಲ್ಲಿ ಬೆಳ್ಳಿ ಎಳೆಗಳು ತಿರುಗುವುದನ್ನು ನೋಡಿದ ಮೇಲೆಯೇ ರಿಜಿಸ್ಟರಿನಲ್ಲಿ 2 ಎಂದು ಬರೆದದ್ದು.